ನೀಲಿ ಎತ್ತಿನ ಚಿತ್ರ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದುಹೋಗಿದ್ದೇನೆ. ಭಾವ ಬದುಕಿದ್ದಾಗ ಅವರಿಗೆ ನೋವಾದೀತು ಅಂದುಕೊಂಡೆ. ಅವರು ಹೋದ ಮೇಲೆ ಅಕ್ಕ ಇದ್ದಾಳಲ್ಲ ಅಂದುಕೊಂಡೆ. ಅಕ್ಕನೂ ಹೋಗಿ ವರ್ಷಗಳಾದವು. ಇನ್ನು ಉಳಿದವರು ನನ್ನ ಮಕ್ಕಳು. ಅಪ್ಪ ಒಂದು ಕಾಲದಲ್ಲಿ ಚಿತ್ರ ಬರೆಯುತ್ತಿದ್ದ ಎಂಬುದೇ ಅವರಿಗೆ ಗೊತ್ತಿಲ್ಲ. ನೆಪಗಳೆಲ್ಲ ಮುಗಿದಿವೆ. ನಾನು ಬರೆದ ಒಂದು ಚಿತ್ರದಿಂದ, ಅದಕ್ಕಿಂತ ಹೆಚ್ಚಾಗಿ ಆ ಚಿತ್ರದ ಪರವಾಗಿ ನಾನು ಆಡಿದ ಮಾತಿನಿಂದ, ಅಕ್ಕನ ಗಂಡ ಜೈಲು ಕಂಡರು. ಆ ಮಾತು ಆಡುವಾಗ ಮೋಸ ಹೋದವನು ನಾನು ಎಂದೇ ನಂಬಿದ್ದೆ. ಬಹಳ ವರ್ಷ ಹಾಗೆಯೇ ನಂಬಿಕೊಂಡು ಬದುಕಿದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿ ಹುಣಸೂರಿಗೆ ಹಿಂತಿರುಗಿದ್ದೆ. ಕೆಲಸವಿರಲಿಲ್ಲ. ಅಪ್ಪನಿಗೆ ಊರ ಹೊರಗೆ ಹೊಲಗದ್ದೆ ಇತ್ತು; ಈ ಹುಡುಗನಿಂದ ಬೇಸಾಯ ಆಗುವುದಿಲ್ಲವೆಂದು ಅವರು ಬೈದು ಸಾಕಾಗಿ ಸುಮ್ಮನಾಗಿದ್ದರು. ಕ್ಯಾಲೆಂಡರಿನ ದೇವರ ಪಟಗಳನ್ನು ನೋಡಿಕೊಂಡು ಹಾಗೆಯೇ ಬರೆಯುವುದೊಂದು ನನಗೆ ಬರುತ್ತಿತ್ತು. ಅದನ್ನು ಹಿಡಿದುಕೊಂಡು ನಾನು ಹೋದದ್ದು ಊರಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಬಳಿಗೆ. ಚಿಕ್ಕವನಾಗಿದ್ದಾಗ ನನಗೂ ಅವರೇ ಕಲಿಸಿದ್ದರು.

ಮೇಷ್ಟ್ರು ಮುಂಬಯಿಯಲ್ಲಿ ಚಿತ್ರಕಲೆ ಕಲಿತು ಬಂದವರು. ಬಡಕಲು ಮೈ, ಮುಚ್ಚುಗೊರಳಿನ ಕೋಟು, ಕರಿ ಟೋಪಿ, ಎಲ್ಲಿಗೆ ಹೋದರೂ ಸೈಕಲ್ಲು. ಮಕ್ಕಳಿಂದ ಹೂಜಿ, ಮಾವಿನಕಾಯಿ, ಗಿಳಿ ಬರೆಸುವುದು ಅವರ ಸಂಬಳದ ಕೆಲಸ. ಅವರ ಪ್ರಾಣ ಇದ್ದದ್ದು ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಒಂದು ದಪ್ಪ ಪುಸ್ತಕದಲ್ಲಿ. ಫ್ರಾನ್ಸ್ ದೇಶದ ಹೊಲ, ಹೊಳೆ, ಹುಲ್ಲುಮೆದೆಗಳ ಬಣ್ಣದ ಚಿತ್ರಗಳು ಅದರ ತುಂಬ. ಹತ್ತಿರ ಹಿಡಿದರೆ ಬರೀ ಬಣ್ಣದ ಚುಕ್ಕೆ, ಗೀರು. ತೋಳು ಚಾಚಿ ಹಿಡಿದರೆ ಬಿಸಿಲು.

"ಇದಕ್ಕೆ ಇಂಪ್ರೆಷನಿಸಂ ಅಂತಾರೆ ಕಣಯ್ಯ. ಕಲೀತೀಯಾ? ಹೊಟ್ಟೆಗೆ ಹಿಟ್ಟು ಕೊಡೋ ವಿದ್ಯೆಯಲ್ಲ, ಮೊದಲೇ ಹೇಳಿಬಿಡ್ತೀನಿ," ಅಂದರು.

ಮೊದಲ ಪಾಠ ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ. ಅಗಸರು ಬಟ್ಟೆ ಒಣಹಾಕಿದ್ದರು. ಆ ಪಂಚೆ ಯಾವ ಬಣ್ಣ ಎಂದು ಕೇಳಿದರು. ಬಿಳಿ ಅಂದೆ. "ಬಿಳಿ ಅಂದದ್ದು ನಿನ್ನ ಬಾಯಿ. ಕಣ್ಣೇನು ಹೇಳುತ್ತೆ, ಅದನ್ನ ಕೇಳು." ರೆಪ್ಪೆ ಅರ್ಧ ಮುಚ್ಚಿ ನೋಡು ಅಂದರು. ನೋಡುತ್ತ ನಿಂತೆ. ಪಂಚೆಯಲ್ಲಿ ಬಿಳಿ ಎಂಬುದು ಎಲ್ಲೂ ಇರಲಿಲ್ಲ. ಬಿಸಿಲು ಬಿದ್ದ ಕಡೆ ಬೆಣ್ಣೆಯ ಹಳದಿ, ಮಡಿಕೆಯೊಳಗೆ ತಿಳಿನೀಲಿ, ಅಂಚಿನ ಹತ್ತಿರ ಹುಲ್ಲಿನ ಹಸಿರು ತಾಗಿತ್ತು. ಅಷ್ಟು ವರ್ಷ ನಾನು ನೋಡಿಯೇ ಇರಲಿಲ್ಲವಲ್ಲ ಅನ್ನಿಸಿತು.

ಅಂದೇ ನನ್ನ ಪೆಟ್ಟಿಗೆಯಿಂದ ಕಪ್ಪು ಬಣ್ಣದ ಟ್ಯೂಬನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ನೆರಳಿಗೆ ಕಪ್ಪು ಬೇಡ, ನೀಲಿ ಮತ್ತು ಊದಾ ಸಾಕು. ಮೊದಲು ಗೆರೆ ಎಳೆದು ಆಮೇಲೆ ಬಣ್ಣ ತುಂಬಬೇಡ. ಒಂದು ಜಾಗದಲ್ಲಿ ಒಂದೇ ಹೊತ್ತು ಕೂತು ಬರಿ. ಬಿಸಿಲು ಸರಿಯಿತೋ, ಗಂಟುಕಟ್ಟಿ ಎದ್ದುಬಿಡು, ನಾಳೆ ಅದೇ ಹೊತ್ತಿಗೆ ಬಾ. ಇವೆಲ್ಲಕ್ಕಿಂತ ಅವರು ಹೆಚ್ಚು ಸಲ ಹೇಳುತ್ತಿದ್ದ ಮಾತು ಒಂದೇ: "ಇದು ಹುಣಸೆ, ಇದು ಗುಡಿಸಲು, ಇದು ದನ ಅನ್ನೋದನ್ನ ಮರೆತುಬಿಡು. ಹೆಸರು ಬಂತು ಅಂದರೆ ಕಣ್ಣು ಮುಚ್ಚಿತು ಅಂತ ತಿಳಿ. ಕಂಡಷ್ಟನ್ನ ಬರಿ. ಕಾಣದ್ದನ್ನ ಸೇರಿಸಿದರೆ ಸುಳ್ಳು, ಕಂಡದ್ದನ್ನ ಬಿಟ್ಟರೂ ಸುಳ್ಳು." ನನಗೆ ಅದು ಮಂತ್ರದಂತೆ ಆಯಿತು.

ಕ್ಯಾನ್ವಾಸು ಕೊಳ್ಳುವ ಶಕ್ತಿ ನಮಗಿಬ್ಬರಿಗೂ ಇರಲಿಲ್ಲ. ಗಾಡಿ ಮಾಡುವ ಸಾಬರ ಹತ್ತಿರ ಮರದ ಚೌಕಟ್ಟು ಮಾಡಿಸಿ, ಅದಕ್ಕೆ ದಪ್ಪನೆಯ ದೋಸೂತಿ ಬಟ್ಟೆ ಬಡಿದು, ಚರ್ಮ ಕಾಸಿ ಮಾಡಿದ ಅಂಟು ಬಳಿದು ಒಣಗಿಸುತ್ತಿದ್ದೆವು. ಸಾಬರಿಗೆ ಇದೊಂದು ತಮಾಷೆ. "ಏನ್ ಸ್ವಾಮಿ, ಕಿಟಕಿ ಮಾಡಿಸ್ಕೊಂಡ್ ಓಗಿ ಬಟ್ಟೆ ಬಡೀತೀರಂತೆ. ಗಾಳಿ ಎಲ್ಲಿಂದ ಬರ್ಬೇಕು?" ಅನ್ನುತ್ತಿದ್ದರು.

ಅಕ್ಕನನ್ನು ಕೊಟ್ಟದ್ದು ಪಿರಿಯಾಪಟ್ಟಣದ ಕಡೆ, ಹಾರನಹಳ್ಳಿಯಿಂದ ಆಚೆಗಿನ ಒಂದು ಹಳ್ಳಿಗೆ. ಭಾವನದು ಮಳೆ ನಂಬಿದ ಖುಷ್ಕಿ ಬೇಸಾಯ, ನಗುನಗುತ್ತ ಮಾತಾಡುವ ಮನುಷ್ಯ. ಕಾರ್ತೀಕದಲ್ಲಿ ನಾನು ಅವರ ಮನೆಗೆ ಹೋಗಿ ಕೆಲವು ವಾರ ಉಳಿದೆ. ರಾಗಿ ತೆನೆ ಕಂದು ತಿರುಗಿತ್ತು. ನಡುನಡುವೆ ಹುಚ್ಚೆಳ್ಳಿನ ಅಕ್ಕಡಿ ಸಾಲುಗಳು ಹಳದಿ ಹೂ ಬಿಟ್ಟಿದ್ದವು. ದಿನವೂ ಬೆಳಗಿನ ಬಿಸಿಲು ಬೇಲಿ ದಾಟುವ ಹೊತ್ತಿಗೆ ಸರಿಯಾಗಿ ಬದುವಿನ ಮೇಲೆ ಕೂತು ಬರೆದೆ. ಮೇಯಲು ಕಟ್ಟಿದ್ದ ಭಾವನ ಬಿಳಿ ಎತ್ತು ಆ ಹೊತ್ತಿಗೆ ನೆರಳಿನಲ್ಲಿರುತ್ತಿತ್ತು, ನೀಲಿಯಾಗಿ ಕಾಣುತ್ತಿತ್ತು, ನೀಲಿಯಾಗಿಯೇ ಬರೆದೆ. ಬೇಲಿಯಲ್ಲಿ ಒಂದು ಮರವಿತ್ತು. ಜೋತುಬಿದ್ದ ಕೊಂಬೆ, ತುದಿಯಲ್ಲಿ ಕೆಂಚು ಚಿಗುರು, ಒಳಗೆ ಬೂದಿ ಬೆರೆತ ಹಸಿರು. ಆ ಕೆಂಚು ಬಣ್ಣ ಹುಚ್ಚೆಳ್ಳಿನ ಹಳದಿಯನ್ನು ಎತ್ತಿಹಿಡಿಯುತ್ತಿತ್ತು. ಹತ್ತಾರು ಗೀರುಗಳಲ್ಲಿ ಆ ಮರ ಬಂದುಬಿಟ್ಟಿತು. ಯಾವ ಮರವೆಂದು ನಾನು ಯೋಚಿಸಲಿಲ್ಲ. ಹಳ್ಳಿಯ ನೆಂಟಸ್ತಿಕೆಯಿದ್ದ ನನಗೆ ಗೊತ್ತಾಗದ ಮರವೇನಲ್ಲ. ಆದರೆ ಹೆಸರು ಮರೆಯುವುದೇ ನಾನು ಕಲಿತ ವಿದ್ಯೆಯಾಗಿತ್ತು.

ಚಿತ್ರ ಮುಗಿದ ದಿನ ಭಾವ ಬಂದು ನೋಡಿದರು.

"ಏನ್ ಭಾಮೈದ, ನಮ್ಮೆತ್ಗೆ ನೀಲಿ ಬಳ್ದಿದ್ದೀಯ! ಸಂಕ್ರಾಂತಿಗೆ ಕೊಂಬ್ಗೆ ಬಳ್ಯೋದ್ ಕಂಡಿವ್ನಿ. ಮೈಗೆಲ್ಲಾ ಬಳ್ಯೋದ್ನ ಇವತ್ತೇ ಕಣಪ್ಪ ಕಂಡಿದ್ದು."

ನಕ್ಕರು. ಆಮೇಲೆ ಹತ್ತಿರ ಬಗ್ಗಿ, ದನಿ ತಗ್ಗಿಸಿ, "ಆ ಬೇಲಿ ಮರ ಯಾಕ್ ಬರ್ದೆ? ಒರ್ಸ್‌ಬುಡು ಅದ," ಅಂದರು.

"ಯಾಕ್ ಭಾವ?"

"ಏನೋ, ಚೆಂದಾಗಿಲ್ಲ."

"ಇರೋ ಮರಾನ ಹೆಂಗ್ ಒರ್ಸ್ಲಿ ಭಾವ? ಅದಿಲ್ದಿದ್ರೆ ಚಿತ್ರಾನೇ ಓಯ್ತದೆ."

ಭಾವ ಹಿಂತಿರುಗಿ ನೋಡಿದರು. ಅಲ್ಲೇ ಪಕ್ಕದಲ್ಲಿ ಕೂಲಿಯವರು ಹುಲ್ಲು ಹೊರೆ ಕಟ್ಟುತ್ತಿದ್ದರು. "ಇರ್ಲಿ ಬುಡು," ಅಂದು ಹೋದರು. ಚಿತ್ರದ ಸುದ್ದಿ ತಿಳಿಯದ ಹಳ್ಳಿಯವರು ಎಂದುಕೊಂಡು ನಾನು ಕುಂಚ ತೊಳೆದೆ.

ಅದು ಗಂಧದ ಮರ. ಆ ಕಾಲದಲ್ಲಿ ಯಾರ ಹೊಲದಲ್ಲಿ ಬೆಳೆದರೂ ಗಂಧದ ಮರ ಸರ್ಕಾರದ್ದು. ಹೊಲದವನು ಅದನ್ನು ಕಡಿಯುವಂತಿರಲಿಲ್ಲ; ಕಳ್ಳರು ಕಡಿದುಕೊಂಡು ಹೋದರೂ ಉತ್ತರ ಹೇಳಬೇಕಾದವನು ಅವನೇ. ಅದಕ್ಕೇ ರೈತರು ಬೇಲಿಯಲ್ಲಿ ಗಂಧದ ಸಸಿ ಕಂಡರೆ ಹುಲ್ಲಿನ ಜೊತೆ ಕಿತ್ತು ಬಿಸಾಡುತ್ತಿದ್ದರು. ಭಾವನ ಬೇಲಿಯದು ಹೇಗೋ ಕಣ್ಣು ತಪ್ಪಿ ಬೆಳೆದು ದೊಡ್ಡದಾಗಿತ್ತು. ನಾನು ಹಿಂತಿರುಗಿದ ಮೇಲೆ ಯಾರೋ ಅದರ ಬುಡಕ್ಕೆ ಮಚ್ಚಿನಿಂದ ಕಚ್ಚು ಹಾಕಿ ಒಳಗಿನ ಪರಿಮಳದ ತಿರುಳು, ಚೇಗು, ಬಲಿತಿದೆಯೇ ಎಂದು ನೋಡಿಹೋಗಿದ್ದರಂತೆ. ಇಂದೋ ನಾಳೆಯೋ ಕಳುವಾಗುತ್ತದೆ, ಸಿಕ್ಕಿಬೀಳುವವನು ತಾನು ಎಂದು ಭಾವ ಹೆದರಿದರು. ಬೇರು ಸಮೇತ ಅಗೆದು ತೆಗೆದು, ಗುಂಡಿ ಮುಚ್ಚಿ, ಮೇಲೆ ಕಳ್ಳಿ ನೆಟ್ಟರು. ಕೊರಡನ್ನು ಏನು ಮಾಡಿದರೋ ನನಗೆ ಇಂದಿಗೂ ತಿಳಿಯದು. ಯುಗಾದಿಗೆ ನಾನು ಅದೇ ಹೊಲದ ಬದುವಿನ ಮೇಲೆ ನಡೆದು ಅಕ್ಕನ ಮನೆಗೆ ಹೋದೆ. ಮರ ಇಲ್ಲದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ನೋಡುವುದನ್ನು ಕಲಿತಿದ್ದೇನೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ನಾನು.

ಮಹಾರಾಜರ ವರ್ಧಂತಿಯ ದಿನ ಶಾಲೆಗೆ ತೋರಣ ಕಟ್ಟಿ ಮಕ್ಕಳಿಗೆ ಮಿಠಾಯಿ ಹಂಚಿದರು. ಮೇಷ್ಟ್ರು ಹಜಾರದಲ್ಲಿ ಚಿತ್ರಗಳನ್ನು ತೂಗುಹಾಕಿದ್ದರು. ನನ್ನದು ನಡುವೆ. ಅಧಿಕಾರಿಗಳೆಲ್ಲ ಒಂದೊಂದು ಕ್ಷಣ ನಿಂತು, ಏನು ಹೇಳಬೇಕೋ ತೋಚದೆ, ಮುಂದೆ ಸಾಗಿದರು. ಕಾಡಿನ ಇಲಾಖೆಯ ರೇಂಜರ್ ಸಾಹೇಬರು ಮಾತ್ರ ನಿಂತೇ ಇದ್ದರು.

"ಬೇಲಿಯಲ್ಲಿ ಇರೋದು ಗಂಧದ ಮರ ಅಲ್ಲವೇನ್ರೀ?"

ಆ ಕ್ಷಣದ ಹಿಗ್ಗನ್ನು ಹೇಗೆ ಹೇಳಲಿ? ಎಲೆ ಬರೆದಿಲ್ಲ, ತೊಗಟೆ ಬರೆದಿಲ್ಲ, ನಾಲ್ಕು ಬಣ್ಣದ ಗೀರು ನೋಡಿ ಒಬ್ಬರು ಮರದ ಜಾತಿ ಹೇಳಿಬಿಟ್ಟರು. "ಹೌದು ಸ್ವಾಮಿ!" ಅಂದೆ. ಯಾವ ಊರು ಎಂದು ಕೇಳಿದರು. ಮೇಷ್ಟ್ರು ನಡುವೆ ಬಾಯಿ ಹಾಕಿ, "ಯಾವುದೋ ಹಳ್ಳಿ ಸ್ವಾಮಿ, ಹುಡುಗ ಎಲ್ಲೆಲ್ಲೋ ಅಲೀತಾನೆ," ಅಂದರು. ನಾನು ಬಿಡಲಿಲ್ಲ. "ಹಾರನಹಳ್ಳಿ ಆಚೆ ಸ್ವಾಮಿ, ನಮ್ಮ ಭಾವನ ಹೊಲ."

ರೇಂಜರು ತಲೆಯಾಡಿಸಿದರು. ಆ ಬೇಲಿಯಲ್ಲಿ ಗಂಧದ ಮರವಿದೆಯೆಂಬುದು ಅವರ ಇಲಾಖೆಗೆ ಗೊತ್ತೇ ಇರಲಿಲ್ಲ. ಕಾಡಿನ ಗಾರ್ಡನನ್ನು ಕಳುಹಿಸಿದರು. ಅವನು ಹೋಗಿ ನೋಡಿದರೆ ಕಳ್ಳಿ.

ಮರ ಕಾಣೆಯಾದ ಸುದ್ದಿ ನನಗೆ ತಿಳಿದದ್ದು, ವಿಚಾರಣೆಗೆ ನಾನೂ ಬರಬೇಕೆಂದು ಇಲಾಖೆಯ ಆಳು ಬಂದು ಹೇಳಿದಾಗ. ಗಂಧ ಕಡಿದದ್ದು ರುಜುವಾತಾದರೆ ಭಾವನಿಗೆ ಸೆರೆ ಖಂಡಿತ. ಅಕ್ಕನಿಗೆ ಇಬ್ಬರು ಚಿಕ್ಕ ಮಕ್ಕಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೆ: ನೆನಪಿಲ್ಲ ಎಂದುಬಿಡುವುದು.

ಹೊಲದಲ್ಲೇ ವಿಚಾರಣೆ. ರೇಂಜರು, ಗಾರ್ಡು, ಪಟೇಲರು, ಸುತ್ತ ಊರಿನ ಜನ. ಅಕ್ಕ ದೂರದಲ್ಲಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಚಿತ್ರ ತರಬೇಕೆಂದು ಮೇಷ್ಟ್ರಿಗೆ ಹೇಳಿಕಳುಹಿಸಿದ್ದರು. ಅವರು ಪಂಚೆಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ತಂದಿದ್ದರು. ಬಿಚ್ಚಿ ಬದುವಿಗೆ ಒರಗಿಸಿದರು. ಜನ ಮುಗಿಬಿದ್ದರು.

"ಅಯ್, ಇದೇನ್ಲಾ, ಗ್ವಾಡೆ ಸಾರಿಸ್ದಂಗದೆ!"

"ಒಸಿ ದೂರ ನಿಂತ್ಕೊಂಡ್ ನೋಡ್ಬೇಕಂತೆ ಕಣ್ಲಾ."

"ದೂರ ಅಂದ್ರೆ ಎಷ್ಟ್ ದೂರ? ಪಿರಿಯಾಪಟ್ಣಕ್ಕೋಗಿ ನಿಂತ್ಕಂಡ್ ನೋಡ್ಲಾ?"

ನಗೆ ಎದ್ದಿತು. ರೇಂಜರು ಭಾವನನ್ನು ಕೇಳಿದರು: ಇಲ್ಲಿ ಮರ ಇತ್ತೋ ಇಲ್ಲವೋ?

ಭಾವ ಕೈಮುಗಿದರು. "ಬುದ್ದಿ, ನಮ್ಮೆತ್ತು ಬಿಳೀದು, ಅಗಾ ಅಲ್ಲೇ ಕಟ್ಟಿವ್ನಿ, ನೀವೇ ನೋಡಿ. ಇದ್ರಾಗೆ ನೀಲಿ ಎತ್ತದೆ. ನೀಲಿ ಎತ್ತು ದಿಟ ಆದ್ರೆ ಗಂಧದ್ ಮರಾನೂ ದಿಟ. ಕಟ್ಕೊಂಡ್ ಓಗಿ ನನ್ನ."

ಈ ಸಲ ಪಟೇಲರೂ ನಕ್ಕರು. ರೇಂಜರ ಮೀಸೆಯ ಕೆಳಗೂ ನಗೆ ಕಾಣಿಸಿತು. ಅವರ ಬಳಿ ಚಿತ್ರದ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಮೇಷ್ಟ್ರ ಕಡೆ ತಿರುಗಿ, "ಏನು ಮೇಷ್ಟ್ರೇ, ನಿಮ್ಮ ಶಿಷ್ಯ ಕಂಡದ್ದನ್ನ ಬರೆದಿದ್ದಾನೋ, ತೋಚಿದ್ದನ್ನ ಬರೆದಿದ್ದಾನೋ?" ಅಂದರು.

ಮೇಷ್ಟ್ರು ಟೋಪಿ ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ.

"ಇದು ಹೊಸ ಪದ್ಧತಿ ಸ್ವಾಮಿ. ಇದರಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೆಯೋದಿಲ್ಲ. ಚಿತ್ರ ತುಂಬಿಕೊಳ್ಳಲಿ ಅಂತ ಮರ, ಮೋಡ, ದನ ಎಲ್ಲ ಸೇರಿಸಿಕೊಳ್ತಾರೆ. ಬೇಲಿ ಬೋಳಾಗಿ ಕಾಣ್ತಿತ್ತು. ಅಲ್ಲೊಂದು ಮರ ಹಾಕಯ್ಯ ಅಂತ ನಾನೇ ಹೇಳಿದ್ದೆ. ಹುಡುಗಾಟ ಸ್ವಾಮಿ ಇದೆಲ್ಲ. ಸಾಕ್ಷಿಗೆ ಬರೋ ವಸ್ತು ಅಲ್ಲ."

ಕಾಣದ್ದನ್ನು ಸೇರಿಸಿದರೆ ಸುಳ್ಳು ಎಂದು ನನಗೆ ಹೇಳಿದ ಬಾಯಿ ಅದೇ. ನನ್ನ ಕಪ್ಪು ಬಣ್ಣವನ್ನು ಕಿತ್ತುಕೊಂಡ ಕೈ ಅದೇ. ಅಪ್ಪನ ಬೈಗುಳವನ್ನೂ ಊರಿನ ನಗೆಯನ್ನೂ ನಾನು ಸಹಿಸಿದ್ದು ಈ ಮನುಷ್ಯನ ಮಾತು ನಂಬಿ. ಈಗ ಮೈಮೇಲಿನ ಕೋಟಿನ ಮಾನಕ್ಕೆ, ಸರ್ಕಾರಿ ಸಂಬಳಕ್ಕೆ ಕುತ್ತು ಬಂದೀತೆಂದು ಹೆದರಿ, ಜನರೆದುರು ನನ್ನನ್ನು ಹುಡುಗಾಟ ಎಂದು ಕೈಬಿಟ್ಟರಲ್ಲ! ಹಾಗಂದುಕೊಂಡೆ. ಬೇರೆ ಯಾವ ಅರ್ಥವೂ ಹೊಳೆಯಲಿಲ್ಲ.

"ಸುಳ್ಳು!" ಎಂದು ಕೂಗಿದೆ. "ಮೇಷ್ಟ್ರು ಸುಳ್ಳು ಹೇಳ್ತಾ ಇದಾರೆ ಸ್ವಾಮಿ. ನಾನು ಒಂದು ಗೀರನ್ನೂ ಇಲ್ಲದ್ದನ್ನ ಬರೆದವನಲ್ಲ. ಎತ್ತು ನೆರಳಲ್ಲಿ ನಿಂತಾಗ ನೀಲಿಯಾಗೇ ಕಾಣುತ್ತೆ, ನಿಮಗೆ ನೋಡೋಕೆ ಬರೋಲ್ಲ ಅಷ್ಟೆ. ಮರ ಇತ್ತು. ಈ ಕಳ್ಳಿ ಇರೋ ಜಾಗದಲ್ಲೇ ಇತ್ತು. ಅದರ ನೆರಳು ಇಲ್ಲೀವರೆಗೂ ಬೀಳ್ತಿತ್ತು." ಹೇಳಿ, ಆ ನೆರಳಿನ ತುದಿ ಬೀಳುತ್ತಿದ್ದ ಕಡೆಗೆ ನಡೆದು ಹೋಗಿ ನಿಂತೆ.

ಯಾರೂ ನಗಲಿಲ್ಲ.

ಸಿಟ್ಟಿನಲ್ಲಿ ಭಾವನ ಗತಿ ಮರೆತೆ ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದ್ದೇನೆ. ಅದು ನಿಜವಲ್ಲ. ಬಾಯಿ ತೆರೆಯುವ ಮೊದಲು ನಾನು ಅಕ್ಕನ ಕಡೆ ನೋಡಿದ್ದೆ. ಅವಳು ತಲೆಯನ್ನು ಮೆಲ್ಲಗೆ ಅಡ್ಡಡ್ಡ ಆಡಿಸಿದಳು, ಬೇಡ ಎಂದು. ನೋಡಿಯೂ ಕೂಗಿದೆ. ನನ್ನ ಮೇಷ್ಟ್ರನ್ನು ಎಲ್ಲರೆದುರು ಸುಳ್ಳ ಎಂದು ತೋರಿಸಬೇಕಿತ್ತು ನನಗೆ. ಅದಕ್ಕೆ ಏನು ತೆರಬೇಕಾದರೂ ಆ ಗಳಿಗೆಯಲ್ಲಿ ಸಿದ್ಧನಿದ್ದೆ, ತೆರುವವರು ಬೇರೆಯವರಾಗಿದ್ದರಿಂದ.

ಕಳ್ಳಿ ಕಿತ್ತು ಅಗೆದರು. ಆಳದಲ್ಲಿ ಕತ್ತರಿಸಿಹೋದ ಬೇರಿನ ತುಂಡುಗಳು ಸಿಕ್ಕವು. ಗಾರ್ಡು ಒಂದನ್ನು ಚಾಕುವಿನಿಂದ ಹೆರೆದು ಮೂಸಿ ರೇಂಜರ ಕೈಗೆ ಕೊಟ್ಟ. ಭಾವ ನನ್ನನ್ನು ಬೈಯಲಿಲ್ಲ. "ನೀನಾ ಭಾಮೈದ?" ಅಂದರು, ಅಷ್ಟೇ.

ಭಾವನಿಗೆ ಸೆರೆಯಾಯಿತು. ತಿಂಗಳುಗಳ ನಂತರ ಬಂದಾಗ ಮೈ ಇಳಿದಿತ್ತು, ನಗು ಮರಳಿ ಬರಲೇ ಇಲ್ಲ. ಅಕ್ಕ ತವರಿನ ಹೊಸಿಲು ತುಳಿಯುವುದನ್ನು ಬಿಟ್ಟಳು. ನಾನು ಅವಳ ಮನೆಗೆ ಹೋಗಿ ಇಬ್ಬರ ಕಾಲನ್ನೂ ಹಿಡಿದು ಅತ್ತೆ. "ಏಳ್ಲಾ, ಉಂಡ್ಕೊಂಡ್ ಓಗು," ಅಂದಳು. ಬಡಿಸಿದಳು, ಎದುರಿಗೆ ಕೂರಲಿಲ್ಲ. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದಕ್ಕಾಗಿ ಮೇಷ್ಟ್ರನ್ನು ಹೆಗ್ಗಡದೇವನಕೋಟೆಗೆ ವರ್ಗ ಮಾಡಿದರು. ಮಲೇರಿಯಾಕ್ಕೆ ಹೆದರಿ ಯಾರೂ ಹೋಗಲೊಪ್ಪದ ಊರು ಆಗ ಅದು. ತಕ್ಕದ್ದಾಯಿತು ಅಂದುಕೊಂಡೆ. ಕುಂಚವನ್ನು ಮತ್ತೆ ಮುಟ್ಟಲಿಲ್ಲ. ಅದಕ್ಕೂ ಅವರೇ ಕಾರಣ ಅಂದುಕೊಂಡೆ.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸುಗಳು. ನನಗೆ ಅಷ್ಟರಲ್ಲಿ ಮೈಸೂರಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಒಮ್ಮೆ ಊರಿನಿಂದ ಮೈಸೂರಿಗೆ ಹೊರಟಾಗ ಬಿಳಿಕೆರೆಯಲ್ಲಿ ಬಸ್ಸು ನಿಂತುಬಿಟ್ಟಿತು. ಕ್ಲೀನರ್ ಇಳಿದು ಬಸ್ಸಿನ ಹಿಂದಿನ ಇದ್ದಿಲೊಲೆಯ ಗಾಳಿಚಕ್ರ ತಿರುವತೊಡಗಿದ. ಇನ್ನೊಂದು ಬಸ್ಸಿನಿಂದ ಇಳಿದಿದ್ದ ಮೇಷ್ಟ್ರು ನನ್ನ ಕಿಟಕಿಯ ಹತ್ತಿರ ಬಂದರು. ಜ್ವರ ಬಿದ್ದೆದ್ದ ಮುಖ. "ಬರೀತಾ ಇದ್ದೀಯೇನಯ್ಯ?" ಅಂದರು. ನಾನು ಮುಖ ತಿರುಗಿಸಿ ಆಚೆ ಕಡೆ ನೋಡುತ್ತ ಕೂತೆ. ಸ್ವಲ್ಪ ಹೊತ್ತು ಕಿಟಕಿಯ ಸರಳಿನ ಮೇಲೆ ಅವರ ಬೆರಳುಗಳಿದ್ದವು. ಆಮೇಲೆ ಇರಲಿಲ್ಲ.

ಭಾವ ತೀರಿಕೊಂಡ ವರ್ಷ ಅಕ್ಕ ಒಂದು ದಿನ, "ಆ ಮೇಷ್ಟ್ರು ಈಗ್ ಎಲ್ಲವ್ರೆ? ಒಂದ್ಸಲ ಕರ್ಕೊಂಡ್ ಬಾ. ನನ್ ಕೈಯಾರ ಒಂದೊತ್ತು ಊಟಕ್ಕಿಕ್ತೀನಿ," ಅಂದಳು.

"ಅವರಿಗ್ಯಾಕೆ?" ಅಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ನಿಂಗೊತ್ತಿಲ್ವಾ? ವಿಚಾರಣೆ ಮುಂಚಿನ ದಿನ ಸಾಯಂಕಾಲ ಸೈಕಲ್ ತುಳ್ಕಂಡ್ ಬಂದಿದ್ರು ಕಣೋ, ಉಣಸೂರಿಂದ. ಮರ ಇರ್ಲಿಲ್ಲ ಅಂತ ನಾನೇ ಯೋಳ್ತೀನಿ, ಎದ್ರ್‌ಬ್ಯಾಡಿ ಅಂದ್ರು. ಎತ್ತಿನ ಮಾತ್ನೂ ಅವ್ರೇ ಯೋಳ್ಕೊಟ್ಟಿದ್ದು ನಿಮ್ ಭಾವನ್ಗೆ. 'ಹುಡುಗನಿಗೆ ಹೇಳಬೇಡಿ, ಅವನಿಗೆ ಸುಳ್ಳು ಹೇಳೋಕೆ ಬರಲ್ಲ, ನಾನೇ ಕೆಡಿಸಿದೀನಿ ಅವನನ್ನ, ಆ ಪಾಪ ನನಗಿರಲಿ,' ಅಂದ್ರು. ಒಂದ್ ಲೋಟ ನೀರ್ ಕುಡ್ದು ಒಂಟೋದ್ರು."

ನನಗೆ ಹೇಳದೆ ಮೂವರೂ ಸೇರಿ ಮಾತಾಡಿಕೊಂಡಿದ್ದರು. ಮೊದಲು ಬಂದದ್ದು ಸಿಟ್ಟೇ, ಇದನ್ನೂ ಒಪ್ಪಿಕೊಳ್ಳುತ್ತೇನೆ: ಒಂದು ಮಾತು ನನ್ನ ಕಿವಿಗೆ ಹಾಕಿದ್ದರೆ? ನಂಬದೆ ಹೋದರಲ್ಲ? ಆಮೇಲೆ, ಅಕ್ಕ ಬೇಡವೆಂದರೂ ನಾನು ಕೂಗಿದ್ದು ಕಣ್ಣಮುಂದೆ ಬಂದು ಸಿಟ್ಟು ಇಳಿಯಿತು. ಚಿತ್ರವೇ ಪ್ರಾಣವಾಗಿದ್ದ ಮನುಷ್ಯ ತಾನು ನಂಬಿದ ವಿದ್ಯೆಯನ್ನು ಊರ ಜನರೆದುರು ಹುಡುಗಾಟ ಎಂದು ಕರೆದುಕೊಂಡದ್ದು, ತನಗೇನೂ ಆಗಬೇಕಿಲ್ಲದ ಒಬ್ಬ ರೈತನಿಗಾಗಿ. ನನ್ನ ಭಾವನಿಗಾಗಿ.

ವಿಚಾರಿಸಿದೆ. ಮೇಷ್ಟ್ರು ಪಿಂಚಣಿ ಪಡೆದು ಕೃಷ್ಣರಾಜನಗರದಲ್ಲಿ ಮಗಳ ಮನೆಯಲ್ಲಿದ್ದರು. ಮೈಸೂರಿನಿಂದ ಒಂದು ಬೆಳಗಿನ ಪಯಣ. ಇಂದು ನಾಳೆ ಎಂದು ಬಹಳ ದಿನ ತಳ್ಳಿದೆ. ಕೊನೆಗೆ ಒಂದು ಭಾನುವಾರ ಹೋದೆ. ಬೀದಿ ಹುಡುಕಿದೆ. ಅವರು ಜಗಲಿಯ ಮೇಲೆ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಮಂಜಾಗಿತ್ತೆಂದು ಕಾಣುತ್ತದೆ, ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿ, "ಯಾರದು?" ಅಂದರು.

"ಯಾರೂ ಅಲ್ಲ ಸ್ವಾಮಿ, ದಾರಿಹೋಕ," ಅಂದೆ. ಬಸ್ ನಿಲ್ದಾಣದ ಕಡೆ ನಡೆದೆ.

ಅವರು ಹೋದ ಸುದ್ದಿ ಆಮೇಲೆ ಬಂತು. ಅಕ್ಕನ ಊಟ ಅವರಿಗೆ ಸಿಗಲಿಲ್ಲ. ಭಾವನ ಕಾಲು ಹಿಡಿದೆ, ಅಕ್ಕನ ಕಾಲು ಹಿಡಿದೆ, ದೇವರ ಮುಂದೆ ಎಷ್ಟೋ ಸಲ ತಪ್ಪೊಪ್ಪಿಕೊಂಡೆ. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಹೇಳದೆ ಉಳಿಸಿಕೊಂಡದ್ದು ಒಬ್ಬರಿಗೆ ಮಾತ್ರ. ಅವರು ನನ್ನ ಡ್ರಾಯಿಂಗ್ ಮೇಷ್ಟ್ರು.